ಆಲೂಗಡ್ಡೆಯ ಮಂದಿ

ಬೆಂದ ಆಲೂಗಡ್ಡೆ, ಸುಣ್ಣದ ಪುಡಿ, ಚೂರು ಅಂಟು:
ದೊನಾತಾ ಅತ್ತೆ ಕಣಕ ನಾದುತ್ತಾಳೆ.
ಅರ್ಧ ರಾತ್ರಿಯೂಟಕ್ಕೆ ತೆಗೆದಿಟ್ಟದ್ದು, ಅರ್ಧ ಸತ್ತವರಿಗೆ.
ಎರಡೂ ಒಂದೇ ಪಾತ್ರೆಯಲ್ಲಿ ಬೆಂದಿವೆ;
ಸಿಪ್ಪೆ ಸುಲಿಯುವುದು ನನ್ನ ಕೆಲಸ.

ಊರ ಹೆಸರಿನಲ್ಲೇ ಇದೆಯಲ್ಲ,
ಅಯಾಕುಚೊ ಎಂದರೆ ಕೆಚುವಾ ಮಾತಿನಲ್ಲಿ ಸತ್ತವರ ಮೂಲೆ.
ಯಾರನ್ನೂ ಹೊಸದಾಗಿ ಕರೆತರಬೇಕಿಲ್ಲ ಬಿಡು
ಎಂದು ನಗುತ್ತಾಳೆ, ಕುಂಚ ಹಲ್ಲಿನಲ್ಲಿ ಕಚ್ಚಿಕೊಂಡು.

ಪೆಟ್ಟಿಗೆಗೆ ಎರಡು ಬಾಗಿಲು, ಎರಡು ಅಂತಸ್ತು.
ಅಜ್ಜನ ಕಾಲದಲ್ಲಿ ಮೇಲೆ ಸಂತರು, ಕೆಳಗೆ ದನಕುರಿ,
ಟೋಪಿ ಹೊಲಿಯುವವಳು, ತೊಗಲು ಹದ ಮಾಡುವವನು,
ಕುಡಿದು ಮಲಗಿದ ಒಬ್ಬ ಪಿಟೀಲಿನವನು.
ಅತ್ತೆಯ ಪೆಟ್ಟಿಗೆಯಲ್ಲಿ ಮೇಲೆ ಹೆಲಿಕಾಪ್ಟರು.
ಕೆಳಗೆ ಅಂಗಳದಲ್ಲಿ ಮಂಡಿಯೂರಿದವರು ಹತ್ತು ಮಂದಿ,
ನಡುವೆ ಒಬ್ಬನಷ್ಟು ತೆರಪು.
ನಿಂತವರು ಆರು.

ಅಚ್ಚು ಮಾತ್ರ ಒಂದೇ,
ಅಜ್ಜ ಬಿಟ್ಟುಹೋದ ಕಲ್ಲಿನಚ್ಚು,
ಕ್ರಿಸ್‌ಮಸ್ ಗೋದಲಿಯ ಜೋಸೆಫನದು.
ಅದರಿಂದಲೇ ಸೈನಿಕ,
ಅದರಿಂದಲೇ ಬೆಟ್ಟ ಇಳಿದು ಬಂದ ಬಂದೂಕಿನ ಹುಡುಗ,
ಕಣ್ಣು ಕಟ್ಟಿಸಿಕೊಂಡ ಮೇಷ್ಟ್ರು ಕೂಡ ಅದರಿಂದಲೇ.
ಟೋಪಿ ಬದಲಾಗುತ್ತದೆ. ಕೈ ಮೇಲೋ ಕೆಳಗೋ ಆಗುತ್ತದೆ.
ಮುಖ ಮಾತ್ರ ಕೂಸಿನ ಮೇಲೆ ಬಾಗಿದವನದೇ.
ಇನ್ನೊಂದು ಅಚ್ಚು ಕೊರೆಯಬಾರದೇ ಅಂದರೆ
"ದೇವರ ಹತ್ತಿರ ಎಷ್ಟಿದ್ದಾವೆ, ಕೇಳಿಕೊಂಡು ಬಾ" ಅನ್ನುತ್ತಾಳೆ.

ಲಿಮಾದಿಂದ ಗ್ಯಾಲರಿಯ ಹೆಂಗಸೊಬ್ಬರು ಬಂದಿದ್ದರು.
ನೋಡಿ ಕಣ್ಣೊರೆಸಿಕೊಂಡರು, ನಿಜವಾಗಿಯೇ.
ಆಮೇಲೆ, ರಕ್ತ ಇನ್ನೂ ಸ್ವಲ್ಪ ಕೆಂಪಿರಲಿ,
ದೂರದಿಂದ ಕಾಣುವುದಿಲ್ಲ ಅಂದರು.
ಅತ್ತೆ ಡಬ್ಬಿ ತೆರೆದು ತೋರಿಸಿದಳು:
ಕಳ್ಳಿಯ ಮೇಲಿನ ಹುಳು ಇದು, ಅರೆದರೆ ಬಣ್ಣ.
ಇದಕ್ಕಿಂತ ಕೆಂಪು ನನ್ನಲ್ಲಿಲ್ಲ.
ಅವತ್ತು ಮಣ್ಣಿನ ಮೇಲೂ ಇಷ್ಟಿರಲಿಲ್ಲ,
ಬೆಳಗಾಗುವಷ್ಟರಲ್ಲಿ ಕಾಫಿಯ ಕಲೆಯ ಹಾಗಿತ್ತು.

ಎಲ್ಲ ಹೀಗೆಯೇ ನಡೆಯಿತೇ?
"ಇಲ್ಲಮ್ಮ. ಕತ್ತಲು. ಏನೂ ಕಾಣಲಿಲ್ಲ.
ಬರೀ ಸದ್ದು. ನಾನು ಜೋಳದ ಕಣಜದೊಳಗಿದ್ದೆ,
ಒಂದು ಕೂಸಿನ ಬಾಯಿಗೆ ಅಂಗೈ ಒತ್ತಿ.
ಇಷ್ಟು ಬೆಳಕು ನಾನು ಹಾಕಿದ್ದು.
ಸುಳ್ಳು ಅಂತ ಇದ್ದರೆ ಅದೊಂದೇ."

ಆ ಕೂಸು ನಾನು.
ಆ ತೆರಪು ಮೆಲ್ಚೋರನದು,
ಅತ್ತೆಯ ತಮ್ಮ, ನನ್ನಪ್ಪ.
ಅವನನ್ನು ಅಚ್ಚಿಗೆ ಹಾಕಲಾರಳು, ಕೈಯಲ್ಲೇ ತಿದ್ದುತ್ತಾಳೆ.
ಸೀಳಿದ ಹುಬ್ಬು ಬರುತ್ತದೆ, ಮೂಗು ಬರುತ್ತದೆ,
ಬಾಯಿಯ ಹತ್ತಿರ ಬೆರಳು ನಿಂತುಬಿಡುತ್ತದೆ.
ಮುದ್ದೆ ಮಾಡಿ ಮತ್ತೆ ನೀರಿಗೆ.
ನಾನು ಅಪ್ಪನನ್ನು ಬಲ್ಲದ್ದು ಅಷ್ಟೇ:
ಮೂಗಿನವರೆಗೆ, ಏಳು ಸಲ.

ಆ ಖಾಲಿ ಜಾಗ ತುಂಬ ಅರ್ಥಪೂರ್ಣವೆಂದು
ಹೆಂಗಸು ಪುಸ್ತಕದಲ್ಲಿ ಬರೆದುಕೊಂಡರು.
ಅತ್ತೆ ಅರ್ಥ ಕೇಳಲಿಲ್ಲ. ಬೆಲೆ ಹೇಳಿದಳು.

ನಿನ್ನೆ ರಾತ್ರಿ ಇಲಿ ಹೊಕ್ಕಿದೆ.
ಅದಕ್ಕೆ ಆಲೂಗಡ್ಡೆ ಗೊತ್ತು, ಯುದ್ಧ ಗೊತ್ತಿಲ್ಲ.
ಕ್ಯಾಪ್ಟನ್‌ನ ತೋಳನ್ನು ಬಂದೂಕಿನ ಸಮೇತ ತಿಂದುಹಾಕಿದೆ.
ಅತ್ತೆ ದೀಪ ಹಿಡಿದು ಬಹಳ ಹೊತ್ತು ನೋಡಿದಳು.
ಹೊಸ ತೋಳಿಗೆ ಕಣಕ ಕಲಸಲೇ ಅಂದೆ.
"ಇರಲಿ, ಒಂದು ರಾತ್ರಿಯಾದರೂ ಹೀಗಿರಲಿ."

ಉಳಿದ ಆಲೂಗಡ್ಡೆಗೆ ಉಪ್ಪು ಉದುರಿಸಿಕೊಂಡು ಉಂಡೆವು.
ಪೆಟ್ಟಿಗೆ ಮುಚ್ಚುವ ಮೊದಲು ಅವಳು
ಗೋಲಿಯಷ್ಟು ಸಣ್ಣದೊಂದನ್ನು ಆರಿಸಿ,
ಬಿಸಿಯಿದ್ದ ಹಾಗೆಯೇ, ಆ ತೆರಪಿನಲ್ಲಿಟ್ಟಳು.
ಇಲಿಗೋ ಅಪ್ಪನಿಗೋ
ನಾನು ಕೇಳಲಿಲ್ಲ.